ಕಸುಬು ಇದೆ, ಕೂರಲು ಕೋಣೆ ಇಲ್ಲ: ಫ್ಲಾರೆನ್ಸಿನ ಓಲ್ತ್ರಾರ್ನೊದಲ್ಲಿ ಆಗುತ್ತಿರುವುದೇನು?

ಇಟಲಿಯ ಫ್ಲಾರೆನ್ಸಿನ ಪೊಂತೆ ವೆಕ್ಯೊ ಸೇತುವೆಯ ಎರಡೂ ಬದಿಗೆ ಇವತ್ತು ಚಿನ್ನದ ಅಂಗಡಿಗಳು. ನಾನೂರೈವತ್ತು ವರ್ಷಗಳ ಹಿಂದೆ ಅಲ್ಲಿ ತೂಗುತ್ತಿದ್ದದ್ದು ಮಾಂಸ. ಊರಿನ ಕಟುಕರು ಸೇತುವೆಯ ಮೇಲೆ ಕೂತು ವ್ಯಾಪಾರ ಮಾಡಿ, ಉಳಿದ ಕಸವನ್ನು ಕೆಳಗಿನ ಆರ್ನೊ ನದಿಗೆ ಚೆಲ್ಲುತ್ತಿದ್ದರು. ಊರನ್ನಾಳುತ್ತಿದ್ದ ಮೆದಿಚಿ ದೊರೆಗಳು ಕಚೇರಿಗೂ ಅರಮನೆಗೂ ನಡುವೆ ಜನರ ಕಣ್ಣಿಗೆ ಬೀಳದೆ ಓಡಾಡಲೆಂದು ವಾಸ್ತುಶಿಲ್ಪಿ ವಾಸಾರಿ 1565ರಲ್ಲಿ ಕಟ್ಟಿದ ಮಾಳಿಗೆಯ ಓಣಿ ಅದೇ ಅಂಗಡಿಗಳ ನೆತ್ತಿಯ ಮೇಲೆ ಹಾದುಹೋಗುತ್ತಿತ್ತು. 1593ರಲ್ಲಿ ಅದೇ ಮನೆತನದ ದೊರೆ, ಗ್ರ್ಯಾಂಡ್ ಡ್ಯೂಕ್ ಒಂದನೇ ಫರ್ದಿನಾಂದೊ, ಕಟುಕರನ್ನು ಎಬ್ಬಿಸಿ ಅಕ್ಕಸಾಲಿಗರನ್ನು ತಂದು ಕೂರಿಸಿದ. ದೊರೆಯ ಮೂಗಿಗೆ ಹಿಡಿಸದ ಕಸುಬು ಹೋಯಿತು, ಕಣ್ಣಿಗೆ ಹಿತವಾದ ಕಸುಬು ಬಂತು.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಸೇತುವೆ ದಾಟಿದರೆ ಸಿಗುವುದು ಓಲ್ತ್ರಾರ್ನೊ. ಹೆಸರಿನ ಅರ್ಥವೇ ‘ಆರ್ನೊದ ಆಚೆ’. ಸಾಂತೊ ಸ್ಪಿರಿತೊ, ಸಾನ್ ಫ್ರೆದಿಯಾನೊ, ಸಾನ್ ನಿಕ್ಕೊಲೊ ಎಂಬ ಮೂರು ಕೇರಿಗಳು ಸೇರಿದ ಈ ದಡ ಕೆತ್ತನೆಯವರು, ಚಿನ್ನದ ರೇಕು ಹಚ್ಚುವವರು, ಚಪ್ಪಲಿ ಹೊಲಿಯುವವರು, ಪುಸ್ತಕ ಕಟ್ಟುವವರು, ಬೆಳ್ಳಿ ಕೆಲಸದವರು ಇರುವ ಭಾಗವೆಂದು ಹೆಸರಾದದ್ದು. ಈಗ ಅಲ್ಲಿಂದ ಬರುವ ವರದಿಗಳಲ್ಲೆಲ್ಲ ಒಂದೇ ಪಲ್ಲವಿ: ಕೈಕಸುಬು ಸಾಯುತ್ತಿದೆ, ಕಲಿಯಲು ಹುಡುಗರು ಬರುತ್ತಿಲ್ಲ, ಜನ ಅಗ್ಗದ ಮಾಲಿಗೆ ಮರುಳಾಗಿದ್ದಾರೆ. ಇದರಲ್ಲಿ ಸ್ವಲ್ಪ ನಿಜವಿದೆ. ಆದರೆ ಒಂದು ಬೀದಿಯಲ್ಲಿ ಯಾವ ಕೆಲಸ ನಡೆಯಬೇಕು ಎನ್ನುವುದನ್ನು ಆ ಕೆಲಸದ ಹಿರಿಮೆ ಯಾವ ಕಾಲದಲ್ಲೂ ತೀರ್ಮಾನಿಸಿಲ್ಲ. ಕೋಣೆ ಯಾರ ಕೈಯಲ್ಲಿದೆಯೋ ಅವರು ತೀರ್ಮಾನಿಸಿದ್ದಾರೆ. 1593ರಲ್ಲಿ ಅದನ್ನು ಒಬ್ಬ ದೊರೆ ಮಾಡಿದ. ಈಗ ಬಾಡಿಗೆಯ ಲೆಕ್ಕ ಮಾಡುತ್ತಿದೆ.

ಆಚೆ ದಡಕ್ಕೆ ಕಸುಬು ಬಂದದ್ದು ಹೇಗೆ

ಓಲ್ತ್ರಾರ್ನೊ ಮೊದಲಿಗೆ ಬಡವರ ದಡ. ನದಿಯ ನೀರು ಹತ್ತಿರ, ನೆಲ ಅಗ್ಗ, ದೊಡ್ಡ ಚರ್ಚು ಮತ್ತು ಅಧಿಕಾರದ ಕಟ್ಟಡಗಳೆಲ್ಲ ಎದುರು ದಡದಲ್ಲಿ. ಹಾಗಾಗಿ ಉಣ್ಣೆ ತೊಳೆಯುವುದು, ಬಾಚುವುದು, ಬಣ್ಣಕ್ಕೆ ಅದ್ದುವುದು ಮುಂತಾದ ವಾಸನೆ ಮತ್ತು ಗಲೀಜಿನ ಕೆಲಸಗಳು ಇತ್ತ ಬಂದವು. ಬೀದಿಯ ಹೆಸರುಗಳು ಇನ್ನೂ ಅದನ್ನೇ ಹೇಳುತ್ತವೆ. ‘ವಿಯಾ ದೆಲ್ಲೆ ಕಲ್ದಾಯೆ’ ಎಂದರೆ ಹಂಡೆಗಳ ಬೀದಿ, ಬಣ್ಣ ಕುದಿಸುವ ಹಂಡೆಗಳದ್ದು. ‘ಬೊರ್ಗೊ ತೆಗೊಲಾಯೊ’ ಹೆಂಚು ಸುಡುವವರದ್ದು. ಬೆಂಗಳೂರಿನ ಕುಂಬಾರಪೇಟೆ, ಗಾಣಿಗರಪೇಟೆಗಳಲ್ಲಿ ಓಡಾಡಿದವರಿಗೆ ಇದು ಹೊಸತೇನಲ್ಲ. ಕೆಲಸ ಹೋದರೂ ಬೋರ್ಡಿನ ಮೇಲೆ ಹೆಸರು ಉಳಿದಿರುತ್ತದೆ.

1378ರಲ್ಲಿ ಫ್ಲಾರೆನ್ಸನ್ನು ಅಲುಗಾಡಿಸಿದ ‘ಚೊಂಪಿ’ ದಂಗೆ ಎದ್ದದ್ದು ಈ ಉಣ್ಣೆ ಕೂಲಿಗಳಿಂದಲೇ. ಊರಿನಲ್ಲಿ ಏಳು ದೊಡ್ಡ, ಹದಿನಾಲ್ಕು ಸಣ್ಣ ಕಸುಬಿನ ಸಂಘಗಳಿದ್ದವು. ಉಣ್ಣೆ ಬಾಚುವವನಿಗೆ ಯಾವುದರಲ್ಲೂ ಜಾಗವಿರಲಿಲ್ಲ. ಸಂಘವಿಲ್ಲದವನಿಗೆ ಊರಿನ ಆಡಳಿತದಲ್ಲಿ ಮಾತೂ ಇಲ್ಲ. ದಂಗೆಯೆದ್ದವರು ತಮ್ಮದೇ ಸಂಘ ಪಡೆದರು, ಅದೇ ವರ್ಷ ಕಳೆದುಕೊಂಡರು. ಇಂದು ಪ್ರವಾಸಿ ಕೈಪಿಡಿಗಳಲ್ಲಿ ‘ಕುಶಲಕರ್ಮಿಗಳ ಸುಂದರ ಕೇರಿ’ ಎಂದು ಬರೆಯುವಾಗ ಈ ಅಧ್ಯಾಯ ಜಾರಿಹೋಗುತ್ತದೆ.

ನಾಜೂಕಿನ ಕಸುಬು ಬಂದದ್ದು ಆಮೇಲೆ. 16ನೇ ಶತಮಾನದ ನಡುವಿಗೆ ಮೆದಿಚಿ ಮನೆತನಕ್ಕೆ ಸೇರಿದ ಎಲೆಯೊನೊರಾ ಈ ದಡದ ಪಿತ್ತಿ ಅರಮನೆಯನ್ನು ಕೊಂಡಳು. ದರ್ಬಾರು ಬಂದ ಕಡೆಗೆ ಶ್ರೀಮಂತರು ಬಂದರು. ವಿಯಾ ಮಾಜ್ಜೊದ ಉದ್ದಕ್ಕೂ ಮಹಲುಗಳೆದ್ದವು. ಮಹಲಿಗೆ ಕುರ್ಚಿ ಬೇಕು, ಕನ್ನಡಿ ಬೇಕು, ಪಲ್ಲಕ್ಕಿ, ಬೆಳ್ಳಿ ಪಾತ್ರೆ, ಗೋಡೆಗೆ ರೇಷ್ಮೆ ಬೇಕು. ಹಿಂದಿನ ಗಲ್ಲಿಗಳಲ್ಲಿ ಅದನ್ನೆಲ್ಲ ಮಾಡುವವರು ನೆಲೆಯಾದರು. ಕಲ್ಲಿನ ತುಣುಕುಗಳನ್ನು ಕೊರೆದು ಜೋಡಿಸಿ ಚಿತ್ರ ಮಾಡುವ ಕೆಲಸಕ್ಕೆ ಅದೇ ಫರ್ದಿನಾಂದೊ 1588ರಲ್ಲಿ ರಾಜ ಕಾರ್ಖಾನೆಯನ್ನೇ ಸ್ಥಾಪಿಸಿದ. ದೆಹಲಿಯ ಕೆಂಪು ಕೋಟೆಯ ದಿವಾನ್-ಇ-ಆಮ್‌ನಲ್ಲಿ ಸಿಂಹಾಸನದ ಹಿಂಗೋಡೆಯ ಕಪ್ಪು ಕಲ್ಲಿನ ಹಲಗೆಗಳಲ್ಲಿ ಹಕ್ಕಿ ಹೂಗಳಿವೆಯಲ್ಲ, ವೀಣೆಯಂಥ ವಾದ್ಯ ನುಡಿಸುವ ಗ್ರೀಕ್ ಪುರಾಣದ ಆರ್ಫಿಯಸ್ ಇದ್ದಾನಲ್ಲ, ಅವು ಫ್ಲಾರೆನ್ಸಿನ ಕೈಕೆಲಸ. ಈ ಊರಿನ ಮಾಲು ಎಲ್ಲೆಲ್ಲಿಗೆ ಹೋಗುತ್ತಿತ್ತು ಎನ್ನುವುದಕ್ಕೆ ಅದೊಂದೇ ಸಾಕು.

ಒಂದು ಅಡ್ಡ ಮಾತು. ಸೇತುವೆಯಿಂದ ಪಿತ್ತಿ ಅರಮನೆಗೆ ಹೋಗುವ ವಿಯಾ ಗ್ವಿಚ್ಚಾರ್ದಿನಿಯಲ್ಲಿ ‘ಎಷ್ಟು ಹಳೇ ಬೀದಿ’ ಎಂದು ತಲೆಯೆತ್ತಿ ನಡೆಯುವವರು ನೋಡುತ್ತಿರುವುದು ಹೆಚ್ಚಾಗಿ ಎರಡನೇ ಮಹಾಯುದ್ಧದ ನಂತರದ ಕಟ್ಟಡಗಳನ್ನು. 1944ರ ಆಗಸ್ಟ್‌ನಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ ಪೊಂತೆ ವೆಕ್ಯೊ ಒಂದನ್ನು ಬಿಟ್ಟು ಉಳಿದ ಸೇತುವೆಗಳನ್ನೆಲ್ಲ ಸ್ಫೋಟಿಸಿತು. ಇದನ್ನು ಬಿಟ್ಟದ್ದಕ್ಕೆ ಬದಲಾಗಿ ಇದರ ಎರಡೂ ತುದಿಯ ಮನೆಗಳನ್ನು ಉರುಳಿಸಿ ದಾರಿ ಮುಚ್ಚಿತು. ನಿಜವಾದ ಹಳೆಯ ಗಲ್ಲಿ ಬೇಕಾದರೆ ಅಲ್ಲಿಂದ ಒಳಕ್ಕೆ ತಿರುಗಿ, ಸಾಂತೊ ಸ್ಪಿರಿತೊ ಚೌಕದ ಕಡೆಗೆ ನಡೆಯಬೇಕು.

ಒಂದು ಕನ್ನಡಿ ಚೌಕಟ್ಟು ಎಷ್ಟು ಬಾಗಿಲು ಹತ್ತಬೇಕು

ಇಲ್ಲಿನ ಕೆಲಸದ ಕೋಣೆಗೆ ‘ಬೊತ್ತೆಗ’ ಎನ್ನುತ್ತಾರೆ. ಆ ಕೆಲಸ ನಡೆಯುವ ನೆಲಮಹಡಿಯ ಜಾಗಕ್ಕೆ ಫ್ಲಾರೆನ್ಸಿನವರ ಮಾತಿನಲ್ಲಿ ‘ಫೊಂದೊ’. ಈ ಎರಡನ್ನು ಬೇರೆ ಮಾಡಿ ನೋಡಿದರೆ ಅರ್ಧ ಸಮಸ್ಯೆ ತಿಳಿಯುತ್ತದೆ. ಬೊತ್ತೆಗ ಒಂದು ಕಸುಬು, ಒಂದು ಹೆಸರು, ಒಬ್ಬ ಮೇಸ್ತ್ರಿಯ ಕೈ. ಫೊಂದೊ ಬರೀ ಜಾಗ: ಬೀದಿಗೆ ತೆರೆದ ಅಗಲ ಬಾಗಿಲು, ಎತ್ತರದ ಸೂರು, ಭಾರ ತಡೆಯುವ ಕಲ್ಲು ನೆಲ, ಹಿಂದೊಂದು ಅಂಗಳ.

ಈಗ ಒಂದು ಕನ್ನಡಿ ಚೌಕಟ್ಟನ್ನು ಹಿಡಿದುಕೊಂಡು ಹೋಗೋಣ. ಮರ ಕೊಯ್ದು ಮೂಲೆ ಕೂಡಿಸುವವನು ಒಬ್ಬ. ಅದರ ಮೇಲೆ ಉಳಿ ಇಟ್ಟು ಬಳ್ಳಿ, ಎಲೆ, ದ್ರಾಕ್ಷಿ ಬಿಡಿಸುವವನು ಇನ್ನೊಬ್ಬ. ಕೆತ್ತಿದ ಮೇಲೆ ಚೌಕಟ್ಟು ಚಿನ್ನ ಹಚ್ಚುವವನ ಕೋಣೆಗೆ ಹೋಗುತ್ತದೆ. ಮೊಲದ ಚರ್ಮದ ಸರೇಸಿನಲ್ಲಿ ಕಲಸಿದ ಬಿಳಿ ಸುಣ್ಣದ ಮಣ್ಣನ್ನು ಅವನು ಪದರದ ಮೇಲೆ ಪದರ ಬಳಿಯುತ್ತಾನೆ, ಒಣಗಿಸುತ್ತಾನೆ, ಉಜ್ಜುತ್ತಾನೆ. ಮೇಲೆ ಕೆಂಪು ಜೇಡಿಯ ತೆಳು ಲೇಪ. ಅದರ ಮೇಲೆ ಉಸಿರಿಗೆ ಹಾರಿಹೋಗುವಷ್ಟು ತೆಳುವಾದ ಚಿನ್ನದ ರೇಕು. ಕೊನೆಗೆ ಅಗೇಟ್ ಕಲ್ಲಿನಿಂದ ತಿಕ್ಕಿದಾಗ ಒಳಗಿನ ಕೆಂಪು ಮೇಲೆ ಬಂದಂತಾಗಿ ಹೊಳಪಿಗೆ ಬಿಸಿ ಕೂಡುತ್ತದೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಉಬ್ಬು ಕೆಲಸದ ಮೇಲೆ ಚಿನ್ನ ಕೂರಿಸುವುದನ್ನು ಕಂಡವರಿಗೆ ಈ ತಾಳ್ಮೆ ಪರಿಚಿತ. ಆಮೇಲೆ ಗಾಜಿನವನು. ಹಳೆಯ ಚೌಕಟ್ಟನ್ನು ದುರಸ್ತಿ ಮಾಡುವುದಾದರೆ ಮರದ ಹುಳು ತೆಗೆಯುವವನೂ ಬೇಕು, ಮುರಿದ ಎಲೆಗೆ ತದ್ರೂಪ ಎಲೆ ಕೆತ್ತುವವನೂ ಬೇಕು.

ಇವರೆಲ್ಲ ನಡೆದು ಹೋಗುವ ದೂರದಲ್ಲಿದ್ದರು. ಅದೇ ಓಲ್ತ್ರಾರ್ನೊದ ಬಲ. ಒಬ್ಬರ ಅರ್ಧ ಮುಗಿದ ಕೆಲಸವನ್ನು ಇನ್ನೊಬ್ಬರು ಹೆಗಲ ಮೇಲೆ ಹೊತ್ತು ಒಯ್ಯುತ್ತಿದ್ದರು. ಬಣ್ಣ, ಮೆರುಗೆಣ್ಣೆ, ಸರೇಸು, ಮೊಳೆ, ಉಪ್ಪುಕಾಗದ ಎಲ್ಲ ಸಿಗುವ ಅಂಗಡಿಗೆ ಫ್ಲಾರೆನ್ಸಿನಲ್ಲಿ ‘ಮೆಸ್ತಿಕೆರಿಯ’ ಎಂಬ ಬೇರೆಯದೇ ಹೆಸರಿದೆ. ಅದು ಗಲ್ಲಿಯ ಮೂಲೆಯಲ್ಲಿರುತ್ತಿತ್ತು. ಕೆತ್ತನೆಯವ ಮಾಳಿಗೆಯ ಮನೆಯಲ್ಲೇ ವಾಸ. ಮಧ್ಯಾಹ್ನ ಊಟಕ್ಕೆ ಮೆಟ್ಟಿಲು ಹತ್ತಿದರೆ ಸಾಕು.

ಇಂಥ ಸರಪಣಿ ಒಂದೇ ಏಟಿಗೆ ತುಂಡಾಗುವುದಿಲ್ಲ. ಮೊದಲು ಮಾಳಿಗೆಯ ಮನೆ ಪ್ರವಾಸಿಗರ ಬಾಡಿಗೆಗೆ ಹೋಗುತ್ತದೆ, ಮೇಸ್ತ್ರಿ ಊರ ಹೊರಗಿನಿಂದ ಬಂದುಹೋಗಲು ಶುರುಮಾಡುತ್ತಾನೆ. ಗಲ್ಲಿಯಲ್ಲಿ ವಾಸಿಸುವವರು ಕಡಿಮೆಯಾದಂತೆ ನಲ್ಲಿಯ ವಾಶರು, ಗೋಡೆಯ ಬಣ್ಣ ಕೊಳ್ಳುವವರಿಲ್ಲದೆ ಮೆಸ್ತಿಕೆರಿಯ ಮುಚ್ಚುತ್ತದೆ, ಆ ಜಾಗಕ್ಕೆ ಐಸ್‌ಕ್ರೀಮು ಬರುತ್ತದೆ. ಗಾಜಿನವನು ಹೋಗುತ್ತಾನೆ. ಉಳಿದ ಚಿನ್ನದ ಕೆಲಸಗಾರ ಪ್ರತಿಯೊಂದಕ್ಕೂ ವ್ಯಾನು ತರಿಸಬೇಕು. ವ್ಯಾನಿಗೆ ಹಳೇ ಊರಿನೊಳಗೆ ಹೊತ್ತು ಗೊತ್ತು ಉಂಟು, ಪರವಾನಗಿ ಬೇಕು, ಕ್ಯಾಮೆರಾ ಕಾಯುತ್ತಿರುತ್ತದೆ. ವಾಹನ ನಿರ್ಬಂಧ ಊರಿಗೆ ಒಳ್ಳೆಯದೇ, ನಾನದನ್ನು ದೂರುತ್ತಿಲ್ಲ. ಆದರೆ ಮೂರು ಮೀಟರ್ ಹಲಗೆ ತರಿಸುವವನಿಗೂ ಪೆಟ್ಟಿಗೆಯಲ್ಲಿ ಫ್ರಿಜ್ ಮ್ಯಾಗ್ನೆಟ್ ತರಿಸುವವನಿಗೂ ಆ ನಿರ್ಬಂಧದ ತೂಕ ಒಂದೇ ಅಲ್ಲ.

ಪ್ರವಾಸಿಯನ್ನು ಬೈದು ಮುಗಿಸಬಹುದೇ?

ಬೈಯಬಹುದು, ಆದರೆ ಅದು ಅರ್ಧ ಮಾತು. ಓಲ್ತ್ರಾರ್ನೊದ ಗಿರಾಕಿ ಹಿಂದೆಯೂ ಹೊರಗಿನವನೇ. 18, 19ನೇ ಶತಮಾನದಲ್ಲಿ ಇಟಲಿ ನೋಡಲು ಬಂದ ಇಂಗ್ಲಿಷರು, ಜರ್ಮನರು, ಅಮೆರಿಕನ್ನರು ತಿಂಗಳುಗಟ್ಟಲೆ ಉಳಿದು ಮೇಜು ಮಾಡಿಸಿದರು, ಪುಸ್ತಕ ಕಟ್ಟಿಸಿದರು, ಚಿತ್ರಗಳಿಗೆ ಚೌಕಟ್ಟು ಹಾಕಿಸಿ ಹಡಗಿಗೆ ಹೇರಿದರು. ಇದೇ ದಡದ ಜನ್ನೀನಿ ಎಂಬ ಪುಸ್ತಕ ಕಟ್ಟುವ ಅಂಗಡಿ 1856ರಿಂದ ನಡೆಯುತ್ತಿದೆ. ಅದರ ಮೊದಲ ತಲೆಮಾರಿನ ಕೆಲಸಕ್ಕೂ ಆ ಕಾಲದ ಪರದೇಶಿ ಗಿರಾಕಿಗೂ ನಂಟಿದೆ. ಯುದ್ಧದ ನಂತರ ವಿಯಾ ಮಾಜ್ಜೊದ ಹಳೇ ಸಾಮಾನಿನ ದೊಡ್ಡ ವರ್ತಕರು ಹಿಂದಿನ ಗಲ್ಲಿಯವರಿಗೆ ವರ್ಷಪೂರ್ತಿ ದುರಸ್ತಿ ಕೆಲಸ ಕೊಟ್ಟರು.

1966ರ ನವೆಂಬರ್ 4ರ ಪ್ರವಾಹವನ್ನೂ ಇಲ್ಲಿ ನೆನೆಯಬೇಕು. ಆರ್ನೊ ಉಕ್ಕಿ ನೆಲಮಹಡಿಗಳನ್ನೆಲ್ಲ ಕೆಸರು ಮತ್ತು ಒಲೆಯೆಣ್ಣೆಯಲ್ಲಿ ಮುಳುಗಿಸಿತು. ಫೊಂದೊಗಳು ನೆಲಮಹಡಿಯೇ ಆದ್ದರಿಂದ ಹತ್ಯಾರು, ಅಚ್ಚು, ಒಣಗಿಸಿಟ್ಟ ಮರ ಎಲ್ಲ ಹೋಯಿತು. ಆದರೂ ಅದೇ ಪ್ರವಾಹ ಫ್ಲಾರೆನ್ಸನ್ನು ದುರಸ್ತಿ ವಿದ್ಯೆಯ ರಾಜಧಾನಿ ಮಾಡಿತು. ಕೆಸರಿನಿಂದ ಪುಸ್ತಕ, ಚಿತ್ರಗಳನ್ನು ಎತ್ತಲು ದೇಶ ವಿದೇಶದ ಹುಡುಗ ಹುಡುಗಿಯರು ಬಂದರು. ಊರು ಅವರನ್ನು ‘ಕೆಸರಿನ ದೇವದೂತರು’ ಎಂದು ಕರೆಯಿತು. ಫರ್ದಿನಾಂದೊನ ಕಲ್ಲಿನ ಕಾರ್ಖಾನೆ ಇವತ್ತು ಜಗತ್ತಿನ ದೊಡ್ಡ ಸಂರಕ್ಷಣಾ ಸಂಸ್ಥೆಗಳಲ್ಲೊಂದು. ಅಂದರೆ ಈ ಕೇರಿ ಎಲ್ಲ ಕಳೆದುಕೊಂಡು ಮತ್ತೆ ನಿಂತದ್ದುಂಟು. ಆಗ ಕೆಸರು ತೊಳೆದ ಮೇಲೆ ಕೋಣೆ ಅವರದ್ದೇ ಆಗಿ ಉಳಿದಿತ್ತು.

ಇವತ್ತಿನ ಪ್ರವಾಸಿ ಎರಡು ರಾತ್ರಿ ಇರುತ್ತಾನೆ, ಕೈಯಲ್ಲಿ ವಿಮಾನದ ಸಣ್ಣ ಚೀಲ. ಅದರಲ್ಲಿ ಕನ್ನಡಿ ಚೌಕಟ್ಟು ಹಿಡಿಸುವುದಿಲ್ಲ. ಅವನು ಕೊಳ್ಳುವ ದೊಡ್ಡ ವಸ್ತು ಎಂದರೆ ಆ ಎರಡು ರಾತ್ರಿಗಳ ಕೋಣೆಯೇ. ಕಸುಬಿನವನೂ ಪ್ರವಾಸಿಯೂ ಹಿಂದೆ ಗಿರಾಕಿ ಮತ್ತು ವರ್ತಕರಾಗಿದ್ದವರು, ಈಗ ಒಂದೇ ನೆಲಕ್ಕೆ ಪೈಪೋಟಿದಾರರು.

ನಗರಸಭೆ ಕೈಕಟ್ಟಿ ಕೂತಿಲ್ಲ. 2016ರಲ್ಲಿ ಮುಖ್ಯ ಕೆಥೆಡ್ರಲ್ ಚೌಕದಲ್ಲಿ ಮಳಿಗೆ ತೆರೆಯಲು ಬಂದ ಮೆಕ್‌ಡೊನಾಲ್ಡ್ಸ್‌ಗೆ ಅನುಮತಿ ನಿರಾಕರಿಸಿತು. ಕಂಪನಿ ಸುಮಾರು 1.8 ಕೋಟಿ ಯೂರೊ ಪರಿಹಾರ ಕೇಳಿ ಮೊಕದ್ದಮೆ ಹೂಡಿತು. 2017ರಲ್ಲಿ ಹಳೇ ಊರಿನೊಳಗೆ ಹೊಸ ರೆಸ್ಟೋರೆಂಟುಗಳಿಗೆ ಮೂರು ವರ್ಷದ ತಡೆ ಬಂತು. 2023ರ ಜೂನ್‌ನಲ್ಲಿ ಆಗಿನ ಮೇಯರ್ ದಾರಿಯೊ ನಾರ್ದೆಲ್ಲಾ ಇನ್ನೂ ಮುಂದೆ ಹೋಗಿ, ಯುನೆಸ್ಕೊ ಪಟ್ಟಿಯಲ್ಲಿರುವ ಹಳೇ ಊರಿನಲ್ಲಿ ಹೊಸದಾಗಿ ಪ್ರವಾಸಿಗರಿಗೆ ಅಲ್ಪಾವಧಿ ಬಾಡಿಗೆಗೆ ಮನೆ ಕೊಡುವಂತಿಲ್ಲ ಎಂದು ಘೋಷಿಸಿದರು. ಅವರು ಕೊಟ್ಟ ಲೆಕ್ಕದಂತೆ 2016ರಲ್ಲಿ ಊರಿನಲ್ಲಿ ಏರ್‌ಬಿಎನ್‌ಬಿ ಮನೆಗಳು 6,000ಕ್ಕೂ ಕಡಿಮೆ ಇದ್ದವು; 2023ಕ್ಕೆ 14,000 ದಾಟಿದ್ದವು. ಊರಿನ ಜನಸಂಖ್ಯೆ ಸುಮಾರು 3.6 ಲಕ್ಷ ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಅದೇ ಅಕ್ಟೋಬರ್‌ನಲ್ಲಿ ನಗರಸಭೆ ಆ ನಿಷೇಧದ ಪರ ಮತ ಹಾಕಿತು. ಮನೆಮಾಲೀಕರು ಕೋರ್ಟಿಗೆ ಹೋದರು. 2024ರಲ್ಲಿ ಗೆದ್ದು ಬಂದ ಸಾರಾ ಫುನಾರೊ, ಊರಿನ ಮೊದಲ ಮಹಿಳಾ ಮೇಯರ್, ಅದೇ ದಾರಿಯಲ್ಲಿ ಮುಂದುವರಿದರು. ಅದೇ ವರ್ಷದ ಕೊನೆಗೆ ಫ್ಲಾರೆನ್ಸ್ ಇರುವ ತಸ್ಕನಿ ಪ್ರಾಂತ್ಯ ಅಲ್ಪಾವಧಿ ಬಾಡಿಗೆಯನ್ನು ನಿಯಂತ್ರಿಸುವ ಅಧಿಕಾರವನ್ನು ನಗರಸಭೆಗಳಿಗೆ ಕೊಡುವ ಕಾನೂನು ತಂದಿತು. ಅತಿಥಿಗಳು ತಾವೇ ಕೀಲಿ ತೆಗೆದುಕೊಳ್ಳಲೆಂದು ಬಾಗಿಲ ಪಕ್ಕದಲ್ಲಿ ನೇತುಹಾಕುವ ಕೀಲಿ ಡಬ್ಬಿಗಳಿಗೂ ನಿಷೇಧ ಬಿತ್ತು.

ಇದು ಧೈರ್ಯದ ಹೆಜ್ಜೆಯೇ. ಆದರೆ ಓಲ್ತ್ರಾರ್ನೊದ ಕೆತ್ತನೆಯವನ ಜಾಗದಲ್ಲಿ ನಿಂತು ನೋಡಿ. ನಿಷೇಧ ಹೊಸ ಮನೆಗಳಿಗೆ. ಆಗಲೇ ಬಾಡಿಗೆಗಿದ್ದವು ಹಾಗೇ ಉಳಿಯುತ್ತವೆ. ಅದರ ಗಮನವೆಲ್ಲ ಮಾಳಿಗೆಯ ವಾಸದ ಮನೆಯ ಮೇಲೆ. ನೆಲಮಹಡಿಯ ಕೆಲಸದ ಕೋಣೆಯ ಬಾಡಿಗೆ ಏರಿದರೆ ಅದು ಏನೂ ಮಾಡುವುದಿಲ್ಲ.

ಅಸಲಿ ಗಂಟು: ತೆರಿಗೆ ಮತ್ತು ಬಾಡಿಗೆ ಕರಾರು

ಇಲ್ಲಿ ಸ್ವಲ್ಪ ಒಣ ವಿಷಯಕ್ಕೆ ಬರಬೇಕು. ಓಲ್ತ್ರಾರ್ನೊ ಬಗ್ಗೆ ಭಾವುಕವಾಗಿ ಬರೆಯುವವರು ದಾಟಿಹೋಗುವ ಜಾಗ ಇದೇ.

ಇಟಲಿಯ ಆಸ್ತಿ ದಾಖಲೆಯಲ್ಲಿ ಪ್ರತಿ ಕಟ್ಟಡಕ್ಕೂ ಒಂದು ವರ್ಗವಿದೆ. ವಾಸದ ಮನೆ ‘ಎ’. ಅಂಗಡಿ ‘ಸಿ/1’. ಕಸುಬಿನ ಕಾರ್ಯಾಗಾರ ‘ಸಿ/3’. ಮನೆಯನ್ನು ಬಾಡಿಗೆಗೆ ಕೊಟ್ಟ ಖಾಸಗಿ ಮಾಲೀಕ ಬಯಸಿದರೆ ತನ್ನ ಉಳಿದ ಆದಾಯಕ್ಕೆ ಸೇರಿಸದೆ, ಬಾಡಿಗೆಗೆ ಮಾತ್ರ ಶೇ 21ರ ಒಂದೇ ದರದ ತೆರಿಗೆ ಕಟ್ಟಿ ಕೈತೊಳೆದುಕೊಳ್ಳಬಹುದು. ಪ್ರವಾಸಿಗರಿಗೆ ಕೊಟ್ಟ ಮನೆಗೂ ಆ ಸೌಲಭ್ಯ ಉಂಟು. ಹಾಗೆ ಪ್ರವಾಸಿಗರಿಗೆ ಕೊಟ್ಟ ಮನೆ ಒಂದಕ್ಕಿಂತ ಹೆಚ್ಚಿದ್ದರೆ 2024ರಿಂದ ಎರಡನೆಯದಕ್ಕೆ ಶೇ 26. ಅಂಗಡಿಗಳಿಗೆ ಈ ಸೌಲಭ್ಯ ಸಿಕ್ಕಿದ್ದು 2019ರಲ್ಲಿ ಮಾಡಿಕೊಂಡ ಕರಾರುಗಳಿಗೆ ಮಾತ್ರ. ಕಾರ್ಯಾಗಾರಗಳಿಗೆ ಆಗಲೂ ಸಿಗಲಿಲ್ಲ. ಹಾಗಾಗಿ ಕೆತ್ತನೆಯವನಿಂದ ಬಂದ ಬಾಡಿಗೆ ಮಾಲೀಕನ ಒಟ್ಟು ಆದಾಯಕ್ಕೆ ಸೇರಿ, ಆತ ಉಳ್ಳವನಾದರೆ ಶೇ 43ರವರೆಗೆ ತೆರಿಗೆಗೆ ಬೀಳುತ್ತದೆ.

ಮಾಲೀಕನ ಕುರ್ಚಿಯಲ್ಲಿ ಕೂತು ಯೋಚಿಸಿ. ಒಂದೇ ಕಟ್ಟಡ. ಮೇಲೆ ಪ್ರವಾಸಿ, ಕೆಳಗೆ ಮರದ ಹೊಟ್ಟು ಹಾರಿಸುವ ಮುದುಕ. ಮೇಲಿನದರಿಂದ ಹೆಚ್ಚು ಬಾಡಿಗೆ, ಕಡಿಮೆ ತೆರಿಗೆ. ಕೆಳಗಿನದರಿಂದ ಕಡಿಮೆ ಬಾಡಿಗೆ, ಹೆಚ್ಚು ತೆರಿಗೆ. ಕೆಳಗಿನ ಕೋಣೆಗೆ ಒಂದು ಸ್ನಾನದಮನೆ ಇಟ್ಟು ವರ್ಗ ಬದಲಿಸಿಕೊಳ್ಳುವ ದಾರಿ ಎಲ್ಲಾದರೂ ಕಂಡರೆ ಆತ ಹಾಗೆ ಮಾಡುವುದಕ್ಕೆ ದುರಾಸೆಯೇ ಬೇಕಿಲ್ಲ, ಸಾಮಾನ್ಯ ಲೆಕ್ಕ ಬಂದರೆ ಸಾಕು. ಸರ್ಕಾರವೇ ಬಹುಮಾನ ಇಟ್ಟು ಕರೆದ ಹಾಗಿದೆ.

ಇನ್ನು ಕರಾರು. 1978ರ ಕಾನೂನಿನ ಪ್ರಕಾರ ವ್ಯಾಪಾರ, ಕಸುಬಿನ ಜಾಗದ ಗುತ್ತಿಗೆ ಆರು ವರ್ಷಕ್ಕೆ, ಮತ್ತೆ ಆರು ವರ್ಷಕ್ಕೆ. ಕೇಳಲು ದೀರ್ಘವೇ. ಅವಧಿ ಮುಗಿದು ಮಾಲೀಕ ಎಬ್ಬಿಸಿದರೆ, ಆ ಜಾಗದಲ್ಲಿ ಕಟ್ಟಿಕೊಂಡ ಹೆಸರು ಮತ್ತು ಗಿರಾಕಿ ಕಳೆದುಕೊಂಡದ್ದಕ್ಕೆ ಬಾಡಿಗೆದಾರನಿಗೆ 18 ತಿಂಗಳ ಬಾಡಿಗೆಯಷ್ಟು ಪರಿಹಾರ ಕೊಡಬೇಕು. ಇದು 34ನೇ ವಿಧಿ. ಮುಂದಿನ 35ನೇ ವಿಧಿ ಒಂದು ಸಾಲಿನಲ್ಲಿ ಅದನ್ನು ಕಸಿದುಕೊಳ್ಳುತ್ತದೆ: ಸಾರ್ವಜನಿಕ ಗಿರಾಕಿಗಳ ಜತೆ ನೇರ ಸಂಪರ್ಕವಿಲ್ಲದ ಕೆಲಸಕ್ಕೆ ಈ ಪರಿಹಾರ ಇಲ್ಲ. ಬೀದಿಗೆ ಗಾಜು ಹಾಕಿ ಚರ್ಮದ ಚೀಲ ಮಾರುವವನಿಗೆ ಪರಿಹಾರ ಉಂಟು. ಹಿಂದಿನ ಅಂಗಳದಲ್ಲಿ ಕೂತು ವರ್ತಕರಿಗಾಗಿ, ಇನ್ನೊಬ್ಬ ಮೇಸ್ತ್ರಿಗಾಗಿ ಕೆತ್ತುವವನು ತನಗೂ ಗಿರಾಕಿಗಳ ಓಡಾಟವಿತ್ತು ಎಂದು ಸಾಧಿಸಬೇಕು. ಕಾನೂನು ಬರೆದವರ ಕಣ್ಣಲ್ಲಿ ಅಂಗಡಿ ಇತ್ತು, ಬೊತ್ತೆಗ ಇರಲಿಲ್ಲ. ಇಲ್ಲಿನ ಕೈಕೆಲಸದ ಸರಪಣಿಯಲ್ಲಿ ನಡುವಿನ ಕೊಂಡಿಗಳೇ ಮೊದಲು ಏಕೆ ಕಳಚುತ್ತಿವೆ ಎಂದು ಕೇಳುವವರಿಗೆ ನಾನು ತೋರಿಸುವುದು ಮೊದಲು ಈ ವಿಧಿಯನ್ನು.

ವಿದ್ಯೆ ಸತ್ತಿಲ್ಲ ಎನ್ನುವುದಕ್ಕೆ ಸಾಕ್ಷಿ ಬೇಕಾದರೆ ಫ್ಲಾರೆನ್ಸಿನಿಂದ ಟ್ರಾಮ್ ಹತ್ತಿ ಪಕ್ಕದ ಸ್ಕಾಂದಿಚ್ಚಿಗೆ ಹೋಗಬೇಕು. ಜಗತ್ತಿನ ದುಬಾರಿ ಬ್ರ್ಯಾಂಡುಗಳ ಚರ್ಮದ ಚೀಲಗಳು ತಯಾರಾಗುವ ದೊಡ್ಡ ಕೇಂದ್ರ ಅದು. 1921ರಲ್ಲಿ ಫ್ಲಾರೆನ್ಸಿನಲ್ಲಿ ಅಂಗಡಿ ತೆರೆದ ಗುಚ್ಚಿ ಕಂಪನಿ 2018ರಲ್ಲಿ ತನ್ನ ದೊಡ್ಡ ಕಾರ್ಯಾಗಾರ ತೆರೆದದ್ದು ಅಲ್ಲಿ. ಕತ್ತರಿಸುವವರು, ಅಂಚು ಬಳಿಯುವವರು, ಹೊಲಿಯುವವರು ಎಲ್ಲರಿಗೂ ಅಲ್ಲಿ ಕೆಲಸವಿದೆ. ಲಾರಿ ಬಾಗಿಲಿಗೇ ಬರುತ್ತದೆ. ಆದರೆ ಹೆಸರು ಕಂಪನಿಯದ್ದು, ಚೀಲದ ವಿನ್ಯಾಸವೂ ಅವರದ್ದೇ. ಮೇಸ್ತ್ರಿಯಾಗಿದ್ದವನ ಮಗ ನುರಿತ ನೌಕರನಾಗುತ್ತಾನೆ. ಸಂಬಳ, ಪಿಂಚಣಿ ಎಲ್ಲ ಸಿಗುವುದರಿಂದ ಇದನ್ನು ಬರೀ ದುರಂತ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಗೋಡೆಗೆ ರಕ್ಷೆ, ಮಾಲಿಗೆ ರಕ್ಷೆ

1982ರಿಂದ ಫ್ಲಾರೆನ್ಸಿನ ಹಳೇ ಊರು ವಿಶ್ವ ಪರಂಪರೆಯ ತಾಣ, ಓಲ್ತ್ರಾರ್ನೊ ಅದರೊಳಗೇ ಇದೆ. ಕಿಟಕಿಯ ಬಣ್ಣ ಬದಲಿಸಲೂ ಅನುಮತಿ ಬೇಕು. ಒಳಗಿನ ಕೆಲಸ ಬದಲಾಗಿ ಉಳಿ ಕೊಡತಿ ಹೋಗಿ ಕಾಕ್‌ಟೇಲ್ ಬಂದರೆ ಪಟ್ಟಿಗೆ ಅದು ತಾಗುವುದೇ ಇಲ್ಲ. ಗೋಡೆ ಹಾಗೇ ಇದೆಯಲ್ಲ.

ಇನ್ನೊಂದು ರಕ್ಷೆ ಈಚಿನದು. ಕೈಕಸುಬಿನ ಮತ್ತು ಕೈಗಾರಿಕೆಯ ಸರಕುಗಳಿಗೂ ಭೌಗೋಳಿಕ ಸೂಚಿ (ಜಿಐ), ಅಂದರೆ ಊರಿನ ಹೆಸರನ್ನು ಅಲ್ಲಿನ ಮಾಲಿಗೇ ಮೀಸಲಿಡುವ ಗುರುತು, ಕೊಡುವ ಐರೋಪ್ಯ ಒಕ್ಕೂಟದ ನಿಯಮ 2023ರಲ್ಲಿ ಅಂಗೀಕಾರವಾಗಿ, 2025ರ ಡಿಸೆಂಬರ್ 1ರಿಂದ ಜಾರಿಗೆ ಬಂದಿದೆ. ಅದುವರೆಗೆ ಒಕ್ಕೂಟದ ಮಟ್ಟದಲ್ಲಿ ಚೀಸು, ವೈನುಗಳಿಗಿದ್ದ ರಕ್ಷೆ ಗಾಜು, ಕಸೂತಿ, ಚರ್ಮಕ್ಕೆ ಇರಲಿಲ್ಲ. ಇದರಲ್ಲಿ ನಾವು ಅವರಿಗಿಂತ ಮುಂದೆ. ಭಾರತದ 1999ರ ಕಾಯ್ದೆ 2003ರಲ್ಲಿ ಜಾರಿಯಾದಾಗಲೇ ಕೈಕಸುಬನ್ನು ಒಳಗೊಂಡಿತ್ತು. ಮೈಸೂರು ರೇಷ್ಮೆ, ಬಿದರಿ, ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಮೈಸೂರಿನ ಬೀಟೆ ಮರದ ಕೂರಿಕೆ ಕೆಲಸ ಎಲ್ಲಕ್ಕೂ ಸೂಚಿ ಸಿಕ್ಕು ಬಹಳ ಕಾಲವಾಯಿತು. ಹಾಗಾಗಿ ಈ ಚೀಟಿಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎನ್ನುವುದು ಯುರೋಪಿಗಿಂತ ನಮಗೆ ಚೆನ್ನಾಗಿ ಗೊತ್ತು. ನಕಲಿ ಮಾಲಿನ ವಿರುದ್ಧ ಹೋರಾಡಲು ಅದೊಂದು ಆಯುಧ. ಬಿದರಿ ಎಂಬ ಹೆಸರನ್ನು ಅದು ಕಾಯುತ್ತದೆ. ಬೀದರಿನ ಕೆಲಸಗಾರನ ಬಾಡಿಗೆ ಕಟ್ಟುವುದಿಲ್ಲ. ಓಲ್ತ್ರಾರ್ನೊಗೆ ಅದು ಇನ್ನೂ ಕಡಿಮೆ ಒಗ್ಗುತ್ತದೆ, ಏಕೆಂದರೆ ಇಲ್ಲಿ ಒಂದೇ ಮಾಲಿಲ್ಲ. ಹತ್ತಾರು ಕೈಗಳು ಸೇರಿದ ದುರಸ್ತಿಗೆ, ಒಂದೇ ಒಂದು ತುಂಡಾಗಿ ಮಾಡಿದ ಚೌಕಟ್ಟಿಗೆ ಯಾವ ಹೆಸರಿನ ಸೂಚಿ ಅಂಟಿಸುವುದು?

ಕಲಿಕೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ತಸ್ಕನಿ 2008ರಲ್ಲೇ ಪ್ರಾಂತೀಯ ಕಾನೂನಿನಲ್ಲಿ ‘ಮೇಸ್ತ್ರಿ’ ಪದವಿ ಮತ್ತು ಕಾರ್ಯಾಗಾರವನ್ನೇ ಶಾಲೆಯಾಗಿಸುವ ವ್ಯವಸ್ಥೆ ತಂದಿದೆ. ಊರಿನಲ್ಲಿ ಕೈಕಸುಬು ಕಲಿಸುವ ಖಾಸಗಿ ಶಾಲೆಗಳೂ ಇವೆ, ಪರದೇಶದ ವಿದ್ಯಾರ್ಥಿಗಳು ಶುಲ್ಕ ಕಟ್ಟಿ ಬರುತ್ತಾರೆ. ಹಿಂದೆ ಮೇಸ್ತ್ರಿ ಹುಡುಗನಿಗೆ ಅನ್ನ ಹಾಕಿ ಕಲಿಸುತ್ತಿದ್ದ. ಈಗ ಕಲಿಯುವವನ ಶುಲ್ಕ ಮೇಸ್ತ್ರಿಗೆ ಅನ್ನ. ತಪ್ಪೇನಿಲ್ಲ. ಆದರೆ ಕಲಿತು ಮುಗಿಸಿದ ಮೇಲೆ ತನ್ನದೇ ಬಾಗಿಲು ತೆರೆಯಲು ಅವನು ಮತ್ತೆ ಅದೇ ಬಾಡಿಗೆಯ ಎದುರು ನಿಲ್ಲುತ್ತಾನೆ.

ಹಾಗಾದರೆ ಯಾರು ಉಳಿದಿದ್ದಾರೆ? ಒಂದು ದಾರಿ ಸಾರ್ವಜನಿಕ ಒಡೆತನ. ಸಾನ್ ಫ್ರೆದಿಯಾನೊದಲ್ಲಿ ನಗರಸಭೆಗೆ ಸೇರಿದ ‘ಕೊನ್ವೆಂತೀನೊ’ ಎಂಬ ಹಳೇ ಸನ್ಯಾಸಿನಿಯರ ಮಠವಿದೆ. ಅದರ ಕೋಣೆಗಳಲ್ಲಿ ಕೆಲಸಗಾರರಿದ್ದಾರೆ. ಪ್ಯಾರಿಸ್ ಇದನ್ನು ಇನ್ನೂ ದೊಡ್ಡದಾಗಿ ಮಾಡಿತು. ಬಾಸ್ತಿಯ್ ಚೌಕದಿಂದ ಹೊರಡುವ, ಪೀಠೋಪಕರಣದ ಹಳೇ ಕೇರಿಯ ಪಕ್ಕದ, ಓಡಾಟ ನಿಂತ ರೈಲು ಸೇತುವೆಯ ಕಮಾನುಗಳಿಗೆ ಗಾಜು ಹಾಕಿ 1990ರ ದಶಕದಲ್ಲಿ ಕಸುಬಿನವರಿಗೆ ಬಾಡಿಗೆಗೆ ಕೊಟ್ಟಿತು. 2004ರಿಂದ ನಗರದ ಒಂದು ಸಂಸ್ಥೆ ಮಾರಾಟಕ್ಕೆ ಬಂದ ನೆಲಮಹಡಿಗಳನ್ನು ಕೊಂಡು, ಆ ಬೀದಿಗೆ ಬೇಕಾದ ಕೆಲಸದವರಿಗೇ ಕೊಡುತ್ತಿದೆ. ಇದಕ್ಕೆ ಹಣ ಬೇಕು, ಆಯ್ಕೆಯಲ್ಲಿ ಅಧಿಕಾರಿಗಳ ರುಚಿ ನುಸುಳುತ್ತದೆ, ಗಾಜಿನ ಕಮಾನಿನೊಳಗೆ ಕೂತವನು ಸ್ವಲ್ಪ ಪ್ರದರ್ಶನದ ವಸ್ತುವೂ ಆಗುತ್ತಾನೆ. ಅಷ್ಟಾದರೂ ಕೋಣೆಯನ್ನೇ ಗುರಿಯಿಟ್ಟ ಕ್ರಮ ನನಗೆ ಕಂಡದ್ದು ಇದೊಂದೇ.

ಇನ್ನೊಂದು ದಾರಿ ಖಾಸಗಿ ಒಡೆತನ, ಆದರೆ ಆಳವಾದ ಜೇಬಿನದ್ದು. ಸಾನ್ ಫ್ರೆದಿಯಾನೊದ ಒಂದು ಗೇಟಿನೊಳಗೆ, ಅಂಗಳ ದಾಟಿದರೆ, ‘ಆಂತಿಕೊ ಸೆತಿಫೀಚೊ’ ಎಂಬ ರೇಷ್ಮೆ ಕಾರ್ಖಾನೆಯಿದೆ. 1786ರಲ್ಲಿ ಊರಿನ ಕೆಲವು ಶ್ರೀಮಂತ ಮನೆತನಗಳು ತಮ್ಮ ತಮ್ಮ ಮಗ್ಗ ಮತ್ತು ನಮೂನೆಗಳನ್ನು ಒಂದೆಡೆ ತಂದು ಶುರುಮಾಡಿದ್ದು. ಹಾಸು ಹೂಡುವ ದೊಡ್ಡ ಮರದ ಯಂತ್ರ ಲಿಯೊನಾರ್ದೊನ ನಕ್ಷೆಯನ್ನು ಅನುಸರಿಸಿ ಮಾಡಿದ್ದೆಂದು ಹೇಳುತ್ತಾರೆ. ಅದು ಈಗಲೂ ತಿರುಗುತ್ತದೆ. 2010ರಲ್ಲಿ ಸ್ಟೆಫಾನೊ ರಿಚ್ಚಿ ಎಂಬ ದುಬಾರಿ ಉಡುಪಿನ ಕಂಪನಿ ಇದನ್ನು ಕೊಂಡಿತು. ಅದೇ ಕೇರಿಯ ಬೀದಿಯಲ್ಲಿ ನಡೆದರೆ ಕೀಲಿ ಡಬ್ಬಿ ಕಿತ್ತ ಮೊಳೆಯ ತೂತುಗಳು ಬಾಗಿಲ ಪಕ್ಕ ಕಾಣಬಹುದು. ಅತಿಥಿಗಳು ಈಗ ಮೊಬೈಲಿನಲ್ಲಿ ಸಂಖ್ಯೆ ಒತ್ತಿ ಬಾಗಿಲು ತೆರೆಯುತ್ತಾರೆ. 1978ರ ಕಾನೂನಿನ 35ನೇ ವಿಧಿ ಮೊದಲಿದ್ದ ಹಾಗೇ ಇದೆ.